ರಸ್ತೆ ಮುಗಿದ ಮೇಲೆ: ಗಾಯಾಳುವನ್ನು ಸ್ಟ್ರೆಚರ್‌ಗೆ ಕಟ್ಟುವ ಕ್ರಮ ಮತ್ತು ಅದರ ಕಾರಣಗಳು

108 ಆಂಬುಲೆನ್ಸ್ ರಸ್ತೆ ಮುಗಿಯುವಲ್ಲಿ ನಿಲ್ಲುತ್ತದೆ. ಗಾಯಾಳು ಬಿದ್ದಿರುವುದು ಬಹಳ ಸಲ ಅದರಿಂದಾಚೆ: ಘಟ್ಟದ ಚಾರಣದ ಹಾದಿಯಲ್ಲಿ, ತೋಟದ ಕೆಳಗಿನ ಕಣಿವೆಯಲ್ಲಿ, ಕಲ್ಲು ಕ್ವಾರಿಯ ತಳದಲ್ಲಿ, ಕಾಲುಸಂಕ ಕೊಚ್ಚಿಹೋದ ಹಳ್ಳದ ಆ ಬದಿಯಲ್ಲಿ. ಬಿದ್ದ ಜಾಗದಿಂದ ಆಂಬುಲೆನ್ಸ್‌ನ ಬಾಗಿಲಿನವರೆಗಿನ ಆ ಎರಡು ಮೂರು ಕಿಲೋಮೀಟರ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಪ್ರಥಮ ಚಿಕಿತ್ಸೆಯ ತರಬೇತಿ ಬಹುತೇಕ ಬ್ಯಾಂಡೇಜ್ ಕಟ್ಟುವುದರೊಂದಿಗೆ ಮುಗಿಯುತ್ತದೆ. ಆಸ್ಪತ್ರೆಯ ಕೆಲಸ ಗಾಯಾಳು ಒಳಬಂದ ಮೇಲೆ ಶುರುವಾಗುತ್ತದೆ. ಆದರೆ ಮುರಿದ ಮೂಳೆಯ ಮೊನೆ ರಕ್ತನಾಳಕ್ಕೆ ತಾಗುವುದು, ವಾಂತಿ ಶ್ವಾಸಕ್ಕೆ ಸಿಕ್ಕಿಕೊಳ್ಳುವುದು, ಒದ್ದೆ ಮೈ ತಣ್ಣಗಾಗಿ ರಕ್ತ ಹೆಪ್ಪುಗಟ್ಟದೆ ಹೋಗುವುದು ನಡುವಿನ ಈ ಹಾದಿಯಲ್ಲೇ. ಹಾಗಾಗಿ ಸ್ಟ್ರೆಚರ್‌ಗೆ ಕಟ್ಟುವ ಕೆಲಸವನ್ನು ಚಿಕಿತ್ಸೆಯ ಭಾಗವೆಂದೇ ನೋಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಮಲೆನಾಡಿನ, ಕರಾವಳಿಯ ಒಳಭಾಗದ ರಸ್ತೆಯಿಲ್ಲದ ಊರುಗಳಲ್ಲಿ ಇವತ್ತಿಗೂ ಕಾಯಿಲೆಯವರನ್ನು ಜೋಲಿಯಲ್ಲಿ ಹೊರುತ್ತಾರೆ. ಗಟ್ಟಿ ಬಿದಿರಿನ ಗಳುವಿಗೆ ಕಂಬಳಿಯ ಎರಡು ತುದಿ ಕಟ್ಟಿ, ಇಬ್ಬರು ಹೆಗಲು ಕೊಟ್ಟು ನಡೆಯುತ್ತಾರೆ. ಜ್ವರದವರನ್ನು, ಹೆರಿಗೆ ನೋವಿನವರನ್ನು ಹೀಗೆ ಹೊತ್ತು ಉಳಿಸಿದ ಊರುಗಳು ಎಷ್ಟೋ ಇವೆ. ಆದರೆ ಎತ್ತರದಿಂದ ಬಿದ್ದವರ ವಿಷಯ ಬೇರೆ. ಒಂದೇ ಗಳುವಿನ ಜೋಲಿಯಲ್ಲಿ ದೇಹ ಬಿಲ್ಲಿನಂತೆ ಬಾಗುತ್ತದೆ. ಬೆನ್ನುಮೂಳೆ ಮಡಚುತ್ತದೆ, ಸೊಂಟದ ಮೂಳೆ ಎರಡೂ ಕಡೆಯಿಂದ ಹಿಂಡಿದಂತಾಗುತ್ತದೆ, ಎದೆ ಕುಗ್ಗಿ ಉಸಿರು ಸಣ್ಣದಾಗುತ್ತದೆ. ಬೇರೇನೂ ಸಿಗದಿದ್ದರೆ ಒಂದು ಗಳುವಿನ ಬದಲು ಎರಡು ಗಳು ಹಾಕಿ, ಎರಡು ಮೂರು ಗೋಣಿಚೀಲಗಳ ತಳದ ಮೂಲೆ ಕತ್ತರಿಸಿ ಅವುಗಳೊಳಗೆ ಗಳು ತೂರಿಸಿ ಹೊರುವುದು ಎಷ್ಟೋ ಮೇಲು. ಕಳಚಿದ ಬಾಗಿಲ ಹಲಗೆಯೂ ಆದೀತು. ಯಾವುದನ್ನು ಬಳಸಿದರೂ ಮುಂದೆ ಹೇಳುವ ತರ್ಕ ಬದಲಾಗುವುದಿಲ್ಲ.

ತೂಕ ಎಲ್ಲಿ ಬೀಳುತ್ತದೆ

ಕಟ್ಟುವಾಗ ಪ್ರತಿ ಪಟ್ಟಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸ್ಟ್ರೆಚರ್ ಈ ದಿಕ್ಕಿಗೆ ವಾಲಿದರೆ ಇವರ ತೂಕ ದೇಹದ ಯಾವ ಭಾಗದ ಮೇಲೆ ಬೀಳುತ್ತದೆ?

ಸಮತಟ್ಟಾದ ನೆಲದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ತೂಕವೆಲ್ಲ ಬೆನ್ನಿನ ಕೆಳಗೆ ಹರಡಿರುತ್ತದೆ. ಇಳಿಜಾರಿಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. 70 ಕೆ.ಜಿ. ತೂಕದವರನ್ನು ಪಾದ ಕೆಳಗಾಗಿ 30 ಡಿಗ್ರಿ ಇಳಿಜಾರಿನಲ್ಲಿ ಒಯ್ಯುತ್ತಿದ್ದೀರಿ ಎಂದುಕೊಳ್ಳಿ. ಅವರನ್ನು ಪಾದದ ಕಡೆಗೆ ಜಾರಿಸುವ ಬಲ 35 ಕೆ.ಜಿ. ತೂಕದಷ್ಟಿರುತ್ತದೆ. 45 ಡಿಗ್ರಿಯಲ್ಲಿ ಅದು ಸುಮಾರು 50 ಕೆ.ಜಿ. ಬಾವಿಯಿಂದ ಎತ್ತುವಾಗಿನಂತೆ ಸ್ಟ್ರೆಚರ್ ನೆಟ್ಟಗೆ ನಿಂತರೆ ಪೂರ್ತಿ 70. ಬಟ್ಟೆಗೂ ಸ್ಟ್ರೆಚರ್‌ಗೂ ನಡುವಿನ ಘರ್ಷಣೆ ಒಂದಿಷ್ಟನ್ನು ತಡೆಯುತ್ತದೆ, ನಿಜ. ಮಳೆಯಲ್ಲಿ ನೆನೆದ ಪ್ಲಾಸ್ಟಿಕ್ ಸ್ಟ್ರೆಚರ್, ಮೈಮೇಲೆ ನುಣುಪಾದ ರೇನ್‌ಕೋಟ್ ಇದ್ದರೆ ಅದನ್ನು ನಂಬುವಂತಿಲ್ಲ.

ಪಾದಕ್ಕೂ ಸೊಂಟಕ್ಕೂ ಆಸರೆಯಿಲ್ಲದೆ ಎದೆಗೆ ಮಾತ್ರ ಬೆಲ್ಟ್ ಬಿಗಿದಿದ್ದರೆ ಏನಾಗುತ್ತದೆ ನೋಡಿ. ಸ್ಟ್ರೆಚರ್ ಕುಲುಕಿದಂತೆಲ್ಲ ದೇಹ ಇಂಚಿಂಚಾಗಿ ಕೆಳಗೆ ಜಾರುತ್ತದೆ. ಬೆಲ್ಟ್ ಇದ್ದಲ್ಲೇ ಇರುತ್ತದೆ. ಅಂದರೆ ಎದೆಯ ಮೇಲಿದ್ದದ್ದು ಕಂಕುಳಿಗೆ, ಕಂಕುಳಿನಿಂದ ಗಂಟಲಿಗೆ ಬರುತ್ತದೆ. ಹೊರುವವರ ಕಣ್ಣು ಕಾಲ ಕೆಳಗಿನ ಕಲ್ಲಿನ ಮೇಲಿರುತ್ತದೆ, ಕಂಬಳಿ ಹೊದಿಸಿದ್ದರಿಂದ ಬೆಲ್ಟ್ ಕಾಣುವುದೂ ಇಲ್ಲ. ಕಾಪಾಡಲೆಂದು ಹಾಕಿದ ಪಟ್ಟಿಯೇ ಕುತ್ತಿಗೆ ಒತ್ತುತ್ತದೆ.

ದೇಹದಲ್ಲಿ ತೂಕ ಹೊರಬಲ್ಲ ಜಾಗಗಳು ಕೆಲವೇ. ಅಂಗಾಲು, ತೊಡೆ, ಸೊಂಟದ ಮೂಳೆಯ ಮೇಲಂಚು, ಹೆಗಲು. ತೂಕ ಬೀಳಲೇಬಾರದ ಜಾಗಗಳು ಕುತ್ತಿಗೆ, ಹೊಟ್ಟೆ, ಮಂಡಿ ಮತ್ತು ಮುರಿದಿರುವ ಜಾಗ ಎಲ್ಲಿದ್ದರೆ ಅದು. ಕಟ್ಟುವ ವಿಧಾನಗಳು ನೂರಾರಿದ್ದರೂ ಎಲ್ಲವೂ ಮಾಡುವುದು ತೂಕವನ್ನು ಈ ಎರಡನೆಯ ಗುಂಪಿನ ಜಾಗಗಳಿಂದ ಮೊದಲನೆಯ ಗುಂಪಿನವಕ್ಕೆ ಸಾಗಿಸುವ ಕೆಲಸವನ್ನೇ.

ಹಡಗಿನಿಂದ ಬೆಟ್ಟಕ್ಕೆ ಬಂದ ಸಾಧನ

ರಕ್ಷಣಾ ಪಡೆಗಳ ಕೈಯಲ್ಲಿ ಇವತ್ತು ಹೆಚ್ಚಾಗಿ ಕಾಣುವುದು ಬಾಸ್ಕೆಟ್ ಸ್ಟ್ರೆಚರ್. ಮೈ ಆಕಾರದ ಬುಟ್ಟಿ, ಸುತ್ತ ಲೋಹದ ಕಂಬಿ, ಒಳಗೆ ತಂತಿಜಾಲ ಅಥವಾ ಪ್ಲಾಸ್ಟಿಕ್ ಮೈ. ಇದರ ಮೂಲರೂಪವನ್ನು ರೂಪಿಸಿದವರು ಅಮೆರಿಕದ ನೌಕಾಪಡೆಯ ವೈದ್ಯ ಚಾರ್ಲ್ಸ್ ಸ್ಟೋಕ್ಸ್, 20ನೇ ಶತಮಾನದ ಆರಂಭದಲ್ಲಿ. ಇಂದಿಗೂ ಇದನ್ನು ಸ್ಟೋಕ್ಸ್ ಸ್ಟ್ರೆಚರ್ ಎನ್ನುತ್ತಾರೆ. ಅದೇ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯಿಂದ ಬಂದದ್ದು ನೀಲ್ ರಾಬರ್ಟ್‌ಸನ್ ಸ್ಟ್ರೆಚರ್: ಕ್ಯಾನ್ವಾಸ್ ಬಟ್ಟೆಯೊಳಗೆ ಬಿದಿರಿನ ಪಟ್ಟಿಗಳನ್ನು ಹೊಲಿದು, ಮೈಸುತ್ತ ಸುತ್ತಿ ಬಕಲ್ ಹಾಕುವಂಥದ್ದು. ಹಡಗಿನ ಕಿರಿದಾದ ಏಣಿಬಾಯಿಯಲ್ಲಿ ಗಾಯಾಳುವನ್ನು ನೆಟ್ಟಗೆ ಎತ್ತಬೇಕಿತ್ತು, ಅದಕ್ಕಾಗಿ ಹುಟ್ಟಿದ್ದು. ಈಗ ಉರುಳೆಯಂತೆ ಸುತ್ತಿ ಬೆನ್ನಿಗೆ ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ ಹಾಳೆಯ ಸ್ಟ್ರೆಚರ್‌ಗಳೂ ಇವೆ. ಗುಹೆ, ಕಿರಿದಾದ ಬಾವಿ, ಕುಸಿದ ಕಟ್ಟಡಗಳಲ್ಲಿ ಎಳೆಯಲು ಇವು ಚೆನ್ನ.

ಇವುಗಳ ಜೊತೆ ಇನ್ನೆರಡನ್ನು ತಿಳಿದಿರಬೇಕು. ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಂಡು, ಗಾಯಾಳುವಿನ ಎರಡೂ ಬದಿಯಿಂದ ಮೆಲ್ಲನೆ ಒಳಸರಿಸಿ ಕೂಡಿಸುವ ಸ್ಕೂಪ್ ಸ್ಟ್ರೆಚರ್ ಒಂದು. ಸಣ್ಣ ಮಣಿಗಳು ತುಂಬಿದ, ಗಾಳಿ ಹೊರತೆಗೆದರೆ ಮೈಯ ಆಕಾರಕ್ಕೇ ಗಟ್ಟಿಯಾಗುವ ವ್ಯಾಕ್ಯೂಮ್ ಮ್ಯಾಟ್ರೆಸ್ ಇನ್ನೊಂದು. ಮೊದಲನೆಯದು ಎತ್ತಲು, ಎರಡನೆಯದು ಮಲಗಿಸಲು.

ಗಟ್ಟಿ ಹಲಗೆ, ಅಂದರೆ ಸ್ಪೈನ್ ಬೋರ್ಡ್, ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಳೆಯ ಪಾಠವೇ ಇನ್ನೂ ಅನೇಕ ಕಡೆ ನಡೆಯುತ್ತಿದೆ. ಬಿದ್ದವರೆಲ್ಲರನ್ನೂ ಹಲಗೆಗೆ ಬಿಗಿಯಬೇಕು, ಎಲ್ಲರಿಗೂ ಕತ್ತಿನ ಕಾಲರ್ ಹಾಕಬೇಕು ಎಂಬುದು ದಶಕಗಳ ಕಾಲ ನಿಯಮವಾಗಿತ್ತು. 2013ರಲ್ಲಿ ಅಮೆರಿಕದ ತುರ್ತು ವೈದ್ಯರ ಹಾಗೂ ಶಸ್ತ್ರಚಿಕಿತ್ಸಕರ ಸಂಘಟನೆಗಳು ಇದನ್ನು ಮರುಪರಿಶೀಲಿಸಿದವು. 2018ರಲ್ಲಿ ಇನ್ನಷ್ಟು ಸ್ಪಷ್ಟವಾಗಿ ಹೇಳಿದವು. ಹಲಗೆ ಗಾಯಾಳುವನ್ನು ಹೊರತೆಗೆಯಲು ಸರಿ, ಗಂಟೆಗಟ್ಟಲೆ ಸಾಗಿಸಲು ಅಲ್ಲ. ಬರಿ ಹಲಗೆಯ ಮೇಲೆ ಮಲಗಿದವರಿಗೆ ನೋವು ಹೆಚ್ಚುತ್ತದೆ, ತಲೆಯ ಹಿಂಭಾಗ ಮತ್ತು ಬೆನ್ನಿನ ಕೆಳಭಾಗದಲ್ಲಿ ಒತ್ತಡದ ಹುಣ್ಣಾಗಬಹುದು, ಬಿಗಿದ ಬೆಲ್ಟುಗಳಿಂದ ಉಸಿರಾಟ ಕುಗ್ಗುತ್ತದೆ. ಬೆನ್ನುಮೂಳೆಯನ್ನು ಅಲುಗಾಡದಂತೆ ಸಂಪೂರ್ಣ ಜಡಗೊಳಿಸುವುದು ಆಗದ ಮಾತು, ಚಲನೆಯನ್ನು ಆದಷ್ಟು ಕಡಿಮೆ ಮಾಡುವುದೇ ಗುರಿ ಎಂದು ಈಗ ಕಲಿಸುತ್ತಾರೆ. ಮೂರು ಗಂಟೆ ಹೊರಬೇಕಾದ ನಮ್ಮ ಘಟ್ಟಗಳಿಗೆ ಈ ಬದಲಾವಣೆ ನಗರಗಳಿಗಿಂತ ಹೆಚ್ಚು ಮುಖ್ಯ.

ಮಲಗಿಸುವ ಮೊದಲು

ಸ್ಟ್ರೆಚರ್ ಬಂದ ಕೂಡಲೇ ಗಾಯಾಳುವನ್ನು ಎತ್ತಿ ಹಾಕಿಕೊಳ್ಳುವ ಆತುರ ಎಲ್ಲರಿಗೂ ಇರುತ್ತದೆ. ಹತ್ತು ನಿಮಿಷ ತಡೆಯಿರಿ. ಧಾರಾಕಾರ ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಆಮೇಲೆ ಉಸಿರಿನ ದಾರಿ, ಉಸಿರಾಟ, ನಾಡಿ. ಮುರಿದ ಕೈಕಾಲಿಗೆ ದಬ್ಬೆ ಕಟ್ಟುವುದು ಕಂಬಳಿ ಹೊದಿಸಿದ ಮೇಲೆ ಸಾಧ್ಯವಾಗುವುದಿಲ್ಲ, ಹಾಗಾಗಿ ಈಗಲೇ. ಸೊಂಟದ ಮೂಳೆ ಮುರಿದ ಅನುಮಾನವಿದ್ದರೆ ಅಗಲವಾದ ಬಟ್ಟೆಯನ್ನೋ ಬೈಂಡರನ್ನೋ (ಸೊಂಟ ಬಿಗಿಯಲೆಂದೇ ಮಾಡಿದ ಅಗಲ ಪಟ್ಟಿ) ತೊಡೆ ಸೊಂಟಕ್ಕೆ ಕೂಡುವ ಕೀಲಿನ ಮಟ್ಟದಲ್ಲಿ ಸುತ್ತಿ ಬಿಗಿಯಬೇಕು. ಬಹಳ ಜನ ಪ್ಯಾಂಟಿನ ಬೆಲ್ಟ್ ಇರುವ ಜಾಗದಲ್ಲಿ ಕಟ್ಟುತ್ತಾರೆ. ಅದು ತುಂಬಾ ಮೇಲಾಯಿತು, ಅಲ್ಲಿ ಕಟ್ಟಿದರೆ ಮುರಿದ ಮೂಳೆ ಕೂಡಿಕೊಳ್ಳುವುದಿಲ್ಲ.

ಕೈಬೆರಳು, ಕಾಲ್ಬೆರಳು ಅಲುಗಿಸಲು ಹೇಳಿ. ಮುಟ್ಟಿದ್ದು ಗೊತ್ತಾಗುತ್ತದೆಯೇ ಕೇಳಿ. ಪಾದದ ನಾಡಿ ನೋಡಿ. ಈ ಮೂರನ್ನೂ ಸಮಯದ ಜೊತೆ ಬರೆದುಕೊಳ್ಳಿ. ಕಟ್ಟಿದ ಮೇಲೆ ಮತ್ತೆ ಇದನ್ನೇ ನೋಡಬೇಕು, ಆಗ ಹೋಲಿಸಲು ಮೊದಲಿನ ಸ್ಥಿತಿ ಗೊತ್ತಿರಬೇಕಲ್ಲ.

ಜೇಬು ಖಾಲಿ ಮಾಡಿ. ಹಿಂಜೇಬಿನ ಪರ್ಸ್, ಬೀಗದ ಕೈ, ಮೊಬೈಲ್, ಸೊಂಟದ ಬೆಲ್ಟಿನ ಬಕಲ್, ಒಳಗೆ ಸಿಕ್ಕಿಕೊಂಡ ಕಡ್ಡಿ ಕಲ್ಲು. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಗೊತ್ತಾಗದವರು ಚುಚ್ಚುತ್ತಿದೆ ಎಂದು ಹೇಳಲಾರರು. ಎರಡು ಗಂಟೆ ಒಂದೇ ಜಾಗದಲ್ಲಿ ಒತ್ತಿದ ಬೀಗದ ಕೈ ಚರ್ಮವನ್ನು ಕೊಲ್ಲಲು ಸಾಕು.

ಇನ್ನು ಸ್ಟ್ರೆಚರಿನ ಒಳಗೆ ಹಾಸು. ಕೆಳಗೆ ಟಾರ್ಪಾಲು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫೋಮ್ ಚಾಪೆ, ಮೇಲೆ ಒಣ ಕಂಬಳಿ. ಎರಡೂ ಬದಿಗೆ ಮಡಚಲು ಸಾಕಷ್ಟು ಉಳಿಯಬೇಕು. ಮೈಮೇಲೆ ಮೂರು ಕಂಬಳಿ ಹೊದಿಸಿ ಕೆಳಗೆ ಏನೂ ಹಾಸದೆ ಒಯ್ಯುವುದನ್ನು ಅನೇಕ ಕಡೆ ಕಾಣುತ್ತೇವೆ. ಮೈಶಾಖ ಹೆಚ್ಚಾಗಿ ಹೋಗುವುದು ಬೆನ್ನಿನ ಕೆಳಗಿನಿಂದ. ಆಗುಂಬೆಯ ಜುಲೈ ಮಳೆಯಲ್ಲಿ ನೆನೆದು, ರಕ್ತ ಕಳೆದುಕೊಂಡು, ಅಲುಗಾಡದೆ ಮಲಗಿದವರ ಮೈ ತಣ್ಣಗಾಗಲು ಹಿಮ ಬೇಕಿಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದಿದ್ದರೆ ರಕ್ತ ಇನ್ನಷ್ಟು ಹೋಗುತ್ತದೆ, ಹೋದಷ್ಟೂ ಮೈ ಇನ್ನಷ್ಟು ತಣ್ಣಗಾಗುತ್ತದೆ. ತೀವ್ರ ಗಾಯದವರು ಸಾಯುವ ದಾರಿಗಳಲ್ಲಿ ಇದೊಂದು. ಒದ್ದೆ ಬಟ್ಟೆಯನ್ನು ಕತ್ತರಿಸಿಯಾದರೂ ತೆಗೆದು ಒಣಗಿದ್ದನ್ನು ಸುತ್ತಿ.

ಎತ್ತುವುದು ಮತ್ತು ಇಡುವುದು

ಸ್ಕೂಪ್ ಇದ್ದರೆ ಅದನ್ನೇ ಬಳಸಿ. ಎರಡು ಹೋಳು ಸೇರಿಸಲು ಗಾಯಾಳುವನ್ನು ಪ್ರತಿ ಬದಿಗೆ 10–15 ಡಿಗ್ರಿ ಓರೆ ಮಾಡಿದರೆ ಸಾಕು. ಇಲ್ಲದಿದ್ದರೆ ಲಾಗ್ ರೋಲ್, ಅಂದರೆ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಾಗಿ ಮಗ್ಗುಲಿಗೆ ಹೊರಳಿಸುವುದು: ತಲೆಯ ಬಳಿ ಒಬ್ಬರು, ಒಂದೇ ಬದಿಯಲ್ಲಿ ಹೆಗಲು, ಸೊಂಟ, ಮಂಡಿ ಹಿಡಿದು ಮೂವರು, ಬೆನ್ನ ಹಿಂದೆ ಸ್ಟ್ರೆಚರ್ ಸರಿಸಲು ಇನ್ನೊಬ್ಬರು. ಆಜ್ಞೆ ಕೊಡುವವರು ತಲೆ ಹಿಡಿದವರು ಮಾತ್ರ. ಅಲ್ಲಿ ಹಿರಿಯ ಅಧಿಕಾರಿ ಇದ್ದರೂ, ಊರಿನ ಯಜಮಾನರಿದ್ದರೂ ಆ ಹೊತ್ತಿಗೆ ಬಾಯಿ ಬಿಡಬಾರದು. ‘ಒಂದು, ಎರಡು, ಮೂರು’ ಎಂದರೆ ಮೂರಕ್ಕೆ ಎತ್ತುವುದೋ ಮೂರರ ನಂತರವೋ ಎಂಬುದನ್ನೂ ಮೊದಲೇ ಮಾತಾಡಿಕೊಂಡಿರಬೇಕು. ಸೊಂಟ ಮುರಿದವರಿಗೆ ಲಾಗ್ ರೋಲ್ ಅಪಾಯಕಾರಿ, ಒಳಗೆ ಕಟ್ಟಿದ ಹೆಪ್ಪು ಕದಲಿ ರಕ್ತಸ್ರಾವ ಮತ್ತೆ ಶುರುವಾಗಬಹುದು. ಅಂಥವರನ್ನು ಸ್ಕೂಪ್‌ನಲ್ಲಿ ಅಥವಾ ಆರೇಳು ಜನ ಎರಡೂ ಬದಿಯಿಂದ ಕೈಕೊಟ್ಟು ನೇರವಾಗಿ ಮೇಲೆತ್ತಿ ಇಡಬೇಕು.

ಮಲಗಿಸಿದ ಮೇಲೆ ಖಾಲಿ ಜಾಗ ತುಂಬಿ. ಸೊಂಟದ ಹಿಂದಿನ ಕುಳಿ, ಮಂಡಿಯ ಹಿಂದೆ, ಹಿಮ್ಮಡಿಯ ಮೇಲ್ಭಾಗ, ಎರಡು ಕಾಲುಗಳ ನಡುವೆ, ಮೈಗೂ ಸ್ಟ್ರೆಚರಿನ ಗೋಡೆಗೂ ನಡುವೆ. ಟವೆಲ್, ಜಾಕೆಟ್, ಪಂಚೆ ಏನಾದರೂ ಆದೀತು. ದೊಡ್ಡವರ ತಲೆಯ ಕೆಳಗೆ ತೆಳ್ಳನೆ ಮಡಚಿದ ಬಟ್ಟೆ ಇಟ್ಟರೆ ಕುತ್ತಿಗೆ ನೇರವಾಗಿ ನಿಲ್ಲುತ್ತದೆ. ಚಿಕ್ಕ ಮಕ್ಕಳ ತಲೆಯ ಹಿಂಭಾಗ ಮೈಗೆ ಹೋಲಿಸಿದರೆ ದೊಡ್ಡದು. ಅವರಿಗೆ ಬಟ್ಟೆ ಇಡಬೇಕಾದ್ದು ತಲೆಯ ಕೆಳಗಲ್ಲ, ಹೆಗಲಿನ ಕೆಳಗೆ. ಇಲ್ಲವಾದರೆ ಗದ್ದ ಎದೆಗೆ ತಾಗಿ ಶ್ವಾಸದ ದಾರಿ ಮುಚ್ಚುತ್ತದೆ.

ಕಟ್ಟುವ ಕ್ರಮ: ಮೈ ಮೊದಲು, ತಲೆ ಕೊನೆಗೆ

ಈ ಒಂದು ನಿಯಮದ ಕಾರಣ ಅರ್ಥವಾದರೆ ಉಳಿದದ್ದು ತಾನಾಗಿ ನೆನಪಿರುತ್ತದೆ. ತಲೆಯನ್ನು ಮೊದಲೇ ಸ್ಟ್ರೆಚರ್‌ಗೆ ಬಿಗಿದಿರಿ, ಮೈ ಇನ್ನೂ ಸಡಿಲವಾಗಿದೆ ಎನ್ನಿ. ಅಷ್ಟರಲ್ಲಿ ಗಾಯಾಳು ಕೆಮ್ಮಿದರೆ, ನೋವಿಗೆ ಮೈ ತಿರುಚಿದರೆ, ಯಾರಾದರೂ ಸ್ಟ್ರೆಚರ್ ಎಡವಿದರೆ 50–60 ಕೆ.ಜಿ. ತೂಕದ ಮೈ ಚಲಿಸುತ್ತದೆ, ತಲೆ ಚಲಿಸುವುದಿಲ್ಲ. ಎರಡರ ನಡುವೆ ಇರುವುದು ಕುತ್ತಿಗೆ. ಹಾಗಾಗಿ ಎದೆ, ಸೊಂಟ, ಕಾಲು ನಿಂತ ಮೇಲೇ ತಲೆ. ಬಿಚ್ಚುವಾಗ ಇದೇ ಕಾರಣಕ್ಕೆ ತಲೆ ಮೊದಲು, ಮೈ ಆಮೇಲೆ. ಅಲ್ಲಿಯವರೆಗೂ ಒಬ್ಬರು ಎರಡೂ ಕೈಯಿಂದ ತಲೆ ಹಿಡಿದೇ ಇರುತ್ತಾರೆ. ಬೇಸರದ ಕೆಲಸ, ಮಂಡಿ ನೋಯುತ್ತದೆ, ಆದರೂ ಬಿಡುವಂತಿಲ್ಲ.

ಎದೆಪಟ್ಟಿ ಕಂಕುಳಿನ ಕೆಳಗೆ ಅಡ್ಡಲಾಗಿ ಹೋಗಬಹುದು. ಹೆಗಲ ಮೇಲಿಂದ ಎದೆಯ ಮೇಲೆ ಗುಣಿಸು ಚಿಹ್ನೆಯಂತೆ ಹಾಯ್ದರೆ ಇನ್ನೂ ಒಳ್ಳೆಯದು, ತಲೆಯ ಕಡೆಗೆ ಜಾರುವುದನ್ನೂ ಅದು ತಡೆಯುತ್ತದೆ. ಬಿಗಿಯುವಾಗ ಗಾಯಾಳುವಿಗೆ ದೀರ್ಘವಾಗಿ ಉಸಿರು ಒಳಗೆಳೆದುಕೊಳ್ಳಲು ಹೇಳಿ, ಎದೆ ಹಿಗ್ಗಿರುವಾಗ ಪಟ್ಟಿಯನ್ನು ಅಲ್ಲಿಗೆ ನಿಲ್ಲಿಸಿ. ಉಸಿರು ಬಿಟ್ಟಾಗ ಬಿಗಿದರೆ ಮುಂದಿನ ಉಸಿರಿಗೆ ಜಾಗವಿರುವುದಿಲ್ಲ. ಕೈಬೆರಳುಗಳು ಚಪ್ಪಟೆಯಾಗಿ ಒಳಸೇರುವಷ್ಟು ಸಡಿಲ ಇರಲಿ. ಎಲ್ಲ ಪಟ್ಟಿಗಳಲ್ಲಿ ಬಿಗಿ ಕಡಿಮೆ ಇರಬೇಕಾದ್ದು ಇದೇ.

ಸೊಂಟದ ಪಟ್ಟಿ ಸೊಂಟದ ಮೂಳೆಯ ಮೇಲೆ, ಹೊಟ್ಟೆಯ ಮೇಲಲ್ಲ. ತೊಡೆಯ ನಡುವೆ ಒಂದು, ಮಂಡಿಯಿಂದ ಕೆಳಗೆ ಮೀನಖಂಡದ ಮೇಲೆ ಇನ್ನೊಂದು. ಮಂಡಿಚಿಪ್ಪಿನ ಮೇಲೆ ಎಂದೂ ಬೇಡ. ಸೊಂಟ ಮುರಿದವರಿಗೆ ಸೊಂಟದ ಪಟ್ಟಿಯನ್ನು ಬಿಟ್ಟು ತೊಡೆಯ ಪಟ್ಟಿಗಳ ಮೇಲೆ ಅವಲಂಬಿಸಬೇಕು.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಪಾದ. ಅನೇಕ ಬಾಸ್ಕೆಟ್ ಸ್ಟ್ರೆಚರ್‌ಗಳಲ್ಲಿ ಹಿಂದೆ ಮುಂದೆ ಸರಿಸಬಹುದಾದ ಪಾದದ ಹಲಗೆ ಇರುತ್ತದೆ. ಅಂಗಾಲು ಅದಕ್ಕೆ ಪೂರ್ತಿ ಊರಬೇಕು. ಇಲ್ಲದಿದ್ದರೆ ವೆಬ್ಬಿಂಗ್ ಪಟ್ಟಿಯನ್ನು (ಗಟ್ಟಿಯಾಗಿ ನೇಯ್ದ ಚಪ್ಪಟೆ ಪಟ್ಟಿ) ಕಣಕಾಲು ಮತ್ತು ಅಂಗಾಲಿನ ಸುತ್ತ 8ರ ಆಕಾರದಲ್ಲಿ ಸುತ್ತಿ ಎರಡೂ ಬದಿಯ ಕಂಬಿಗೆ ಕಟ್ಟಬೇಕು; ಶೂ ತೆಗೆಯದಿದ್ದರೆ ಇನ್ನೂ ಒಳ್ಳೆಯದು. ಹೀಗೆ ಕಟ್ಟಿದಾಗ ಇಳಿಜಾರಿನಲ್ಲಿ ಅವರು ತಮ್ಮ ಪಾದದ ಮೇಲೆ ‘ನಿಂತ’ ಹಾಗಾಗುತ್ತದೆ. ಒಂದು ಕಾಲು ಮುರಿದಿದ್ದರೆ ಇನ್ನೊಂದರ ಮೇಲೆ. ಎರಡೂ ಕಾಲು ನೊಂದಿದ್ದರೆ? ಆಗ ತೊಡೆಸಂದಿನಲ್ಲಿ ಹಾಯುವ ಪಟ್ಟಿ, ಅಂದರೆ ಹಗ್ಗಕ್ಕೆ ಜೋಡಿಸಲು ಮೈಗೆ ತೊಡುವ ಹಾರ್ನೆಸ್‌ನಂತೆ ಎರಡೂ ತೊಡೆಗೆ ಕುಣಿಕೆ ಹಾಕಿ ತಲೆಯ ಕಡೆಯ ಕಂಬಿಗೆ ಕಟ್ಟುವುದು ತೂಕವನ್ನು ಹೊರುತ್ತದೆ. ಸೊಂಟವೂ ಮುರಿದಿದ್ದರೆ ಸ್ಟ್ರೆಚರ್ ಓರೆಯಾಗದ ದಾರಿಯನ್ನೇ ಹುಡುಕಬೇಕು, ಸುತ್ತುಬಳಸಾದರೂ ಚಿಂತೆಯಿಲ್ಲ.

ಬಕಲ್ ಇರುವ ಬೆಲ್ಟುಗಳು ಇಲ್ಲದಿದ್ದರೆ ಸುಮಾರು 9–10 ಮೀಟರ್ ಉದ್ದದ ಚಪ್ಪಟೆ ವೆಬ್ಬಿಂಗ್ ಪಟ್ಟಿಯಲ್ಲಿ ಪೂರ್ತಿ ಕೆಲಸ ಮುಗಿಸಬಹುದು. ಪಟ್ಟಿಯ ಮಧ್ಯಭಾಗ ಪಾದಕ್ಕೆ, ಎರಡು ತುದಿಗಳು ಮಂಡಿಯಿಂದ ಕೆಳಗೆ ಒಂದನ್ನೊಂದು ದಾಟಿ, ಬದಿಯ ಕಂಬಿಗಳಲ್ಲಿ ತೂರಿ, ಮತ್ತೆ ತೊಡೆಯ ಮೇಲೆ ದಾಟಿ, ಹೀಗೆ ಅಂಕುಡೊಂಕಾಗಿ ಹೆಗಲಿನವರೆಗೆ. ಎರಡು ವಿವರ ಗಮನಿಸಿ. ಪಟ್ಟಿಯನ್ನು ಮೇಲಂಚಿನ ಕಂಬಿಗೆ ಸುತ್ತಬೇಡಿ, ಒಳಗಿನ ಅಡ್ಡ ಕಡ್ಡಿಗಳಿಗೆ ತೂರಿಸಿ. ಬಂಡೆಗೆ ಉಜ್ಜುವುದು ಮೇಲಂಚೇ, ಅಲ್ಲಿದ್ದ ಪಟ್ಟಿ ಹರಿಯುತ್ತದೆ. ಗಂಟು ಬದಿಯಲ್ಲಿ ಬರಲಿ. ಬೆನ್ನ ಕೆಳಗೆ ಬಂದರೆ ಚುಚ್ಚುತ್ತದೆ, ಎದೆಯ ಮೇಲೆ ಬಂದರೆ ಉಸಿರು ನೋಡಲು ಅಡ್ಡ. ಕತ್ತಲಲ್ಲಿ, ಕೈ ನಡುಗುತ್ತಿರುವಾಗಲೂ ಒಂದು ಕೈಯಿಂದ ಬಿಚ್ಚಲು ಸಿಗುವಂತಿರಬೇಕು.

ಈಗ ತಲೆ. ಸುರುಳಿ ಸುತ್ತಿದ ಟವೆಲ್ ಅಥವಾ ಕಂಬಳಿ ಎರಡೂ ಕಿವಿಯ ಬದಿಗೆ, ಹಣೆಯ ಮೇಲೆ ಅಗಲ ಟೇಪ್. ಗದ್ದದ ಮೇಲೆ ಪಟ್ಟಿ ಹಾಕಬೇಡಿ; ವಾಂತಿ ಬಂದರೆ ಬಾಯಿ ತೆರೆಯಲಾಗದು. ಪ್ರಜ್ಞೆ ಇದ್ದು, ಕುತ್ತಿಗೆ ನೋವಿಲ್ಲದೆ, ಕೈಕಾಲು ಸರಿಯಾಗಿ ಆಡಿಸುತ್ತಿರುವವರ ತಲೆಯನ್ನು ಬಿಗಿಯುವ ಅಗತ್ಯ ಇದೆಯೇ ಎಂದು ತರಬೇತಿ ಪಡೆದವರು ನಿರ್ಧರಿಸಲಿ. ಸುಮ್ಮನೆ ಬಿಗಿದರೆ ಭಯವೂ ಹೆಚ್ಚು, ವಾಂತಿಯ ಅಪಾಯವೂ ಹೆಚ್ಚು.

ವಾಂತಿ ಬಂದಾಗ ಏನು ಮಾಡುವುದು ಎಂಬುದನ್ನು ಕಟ್ಟುವಾಗಲೇ ಯೋಚಿಸಿರಬೇಕು. ಆ ಕ್ಷಣದಲ್ಲಿ ಪಟ್ಟಿ ಬಿಚ್ಚಲು ಸಮಯವಿಲ್ಲ. ಸ್ಟ್ರೆಚರನ್ನೇ ಒಟ್ಟಾಗಿ ಒಂದು ಬದಿಗೆ ವಾಲಿಸಬೇಕು. ಹಾಗೆ ವಾಲಿಸಿದಾಗ ಮೈ ಒಂದು ಬದಿಗೆ ಕುಸಿದರೆ ಕುತ್ತಿಗೆ ಮತ್ತೆ ತಿರುಚಿದಂತೆಯೇ. ಬದಿಯ ಖಾಲಿ ಜಾಗಗಳನ್ನು ಬಟ್ಟೆಯಿಂದ ತುಂಬಿ ಎಂದು ಮೊದಲು ಹೇಳಿದ್ದು ಇದಕ್ಕೇ. ಪ್ರಜ್ಞೆಯಿಲ್ಲದವರನ್ನು ಬಹಳ ಸಲ ಮೊದಲಿನಿಂದಲೇ ಮಗ್ಗುಲಾಗಿ ಮಲಗಿಸಿ, ಬೆನ್ನ ಹಿಂದೆ ಕಂಬಳಿ ಒತ್ತಿ ಕಟ್ಟುವುದು ಜಾಣತನ. ಉಸಿರು ನಿಂತರೆ ಬೆನ್ನುಮೂಳೆ ಉಳಿದೂ ಪ್ರಯೋಜನವಿಲ್ಲ.

ತಿಂಗಳು ತುಂಬುತ್ತಿರುವ ಗರ್ಭಿಣಿಯನ್ನು ಅಂಗಾತ ಕಟ್ಟಬಾರದು. ಗರ್ಭದ ಭಾರ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಯನ್ನು ಒತ್ತಿ ರಕ್ತದೊತ್ತಡ ಕುಸಿಯುತ್ತದೆ. ಬಲ ಸೊಂಟದ ಕೆಳಗೆ ಕಂಬಳಿಯಿಟ್ಟು 15–30 ಡಿಗ್ರಿ ಎಡಕ್ಕೆ ವಾಲಿಸಿ. ಉಸಿರಾಟ ಕಷ್ಟವಾಗಿರುವವರಿಗೆ, ಬೆನ್ನಿಗೆ ಪೆಟ್ಟಿಲ್ಲದಿದ್ದರೆ, ತಲೆದೆಸೆ ಎತ್ತರಿಸಿ ಅರೆ ಕುಳಿತ ಭಂಗಿಯೇ ಸರಿ.

ಹೆಗಲು ಕೊಡುವ ಮೊದಲು

ಕಟ್ಟಿ ಮುಗಿದ ಮೇಲೆ ನೆಲದಿಂದ ಒಂದು ಗೇಣು ಎತ್ತಿ, ಹಾಗೇ ಹಿಡಿದು, ಮತ್ತೆ ಇಳಿಸಿ. ಮೈ ಒಳಗೆ ಕೂತುಕೊಂಡು ಪಟ್ಟಿಗಳು ಸಡಿಲವಾಗಿರುತ್ತವೆ, ಈಗ ಮತ್ತೆ ಬಿಗಿಯಿರಿ. ಪಾದದ ಕಡೆ ಸ್ವಲ್ಪ ಇಳಿಸಿ ನೋಡಿ: ಜಾರಿದರೇ? ತಲೆಯ ಕಡೆ? ಎರಡೂ ಬದಿಗೆ? ನಂತರ ಬೆರಳು ಅಲುಗಿಸುವುದು, ಸ್ಪರ್ಶ, ನಾಡಿಯ ಪರೀಕ್ಷೆ ಮತ್ತೊಮ್ಮೆ. ಮೊದಲು ಆಡುತ್ತಿದ್ದ ಕಾಲ್ಬೆರಳು ಈಗ ಜೋಮು ಹಿಡಿದಿದ್ದರೆ ಯಾವುದೋ ಪಟ್ಟಿ ಅತಿ ಬಿಗಿಯಾಗಿದೆ.

ಕೈಗಳು ಒಳಗಿರಲಿ. ಭಯವಾದಾಗ ಯಾರಾದರೂ ಕಂಬಿ ಹಿಡಿಯುತ್ತಾರೆ, ಬಂಡೆಗೂ ಕಂಬಿಗೂ ನಡುವೆ ಬೆರಳು ಜಜ್ಜಿಹೋಗುತ್ತದೆ. ನಾಡಿ ನೋಡಲು ಒಂದು ಮಣಿಕಟ್ಟು ಮಾತ್ರ ಸುಲಭವಾಗಿ ಸಿಗುವಂತೆ ಬಿಡಿ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ: ಮೇಲಿನಿಂದ ಬೀಳುವ ಮಣ್ಣು ಕಲ್ಲನ್ನು ತಪ್ಪಿಸಿಕೊಳ್ಳಲು, ಮುಖ ಒರೆಸಿಕೊಳ್ಳಲು ಅವರಿಗೆ ಕೈಯಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಅವರೊಂದಿಗೆ ಮಾತಾಡುವ ರೀತಿಯೂ ಬದಲಾಗುತ್ತದೆ. ‘ಈಗ ಎತ್ತುತ್ತೇವೆ’, ‘ಎಡಗಡೆ ಸ್ವಲ್ಪ ವಾಲುತ್ತದೆ, ಹೆದರಬೇಡಿ’ ಎಂದು ಪ್ರತಿಯೊಂದನ್ನೂ ಮೊದಲೇ ಹೇಳಬೇಕು. ಕಟ್ಟಿಹಾಕಿಸಿಕೊಂಡು ಆಕಾಶ ಮಾತ್ರ ಕಾಣುವ ಸ್ಥಿತಿಯಲ್ಲಿರುವವರಿಗೆ ಆ ಒಂದು ದನಿ ಔಷಧಿಯಷ್ಟೇ ಮುಖ್ಯ.

ಹೊರಲು ಪ್ರತಿ ಬದಿಗೆ ಮೂವರಂತೆ ಆರು ಜನ. ಕಷ್ಟದ ಹಾದಿಯಲ್ಲಿ ಕೆಲವೇ ನಿಮಿಷಕ್ಕೆ ಕೈ ಸೋಲುತ್ತದೆ. ಹಾಗಾಗಿ ಕಿಲೋಮೀಟರಿಗೂ ಹೆಚ್ಚಿನ ದೂರಕ್ಕೆ ಆರರ ಮೂರು ತಂಡ ಬೇಕು: ಒಂದು ಹೊರಲು, ಒಂದು ಮುಂದೆ ದಾರಿ ಬಿಡಿಸಲು, ಒಂದು ದಣಿವಾರಿಸಿಕೊಳ್ಳಲು. ಇಳಿಜಾರಿನಲ್ಲಿ ಪಾದ ಮುಂದೆ, ಏರಿನಲ್ಲಿ ತಲೆ ಮುಂದೆ, ಅಂದರೆ ತಲೆ ಯಾವಾಗಲೂ ಮೇಲೆ. ತಲೆಯ ಬಳಿಯವರು ಮುಖ ನೋಡುತ್ತಲೇ ಇರಬೇಕು. ಬಂಡೆಗಳ ರಾಶಿ ಅಥವಾ ಪಾಚಿ ಕಟ್ಟಿದ ಹಳ್ಳ ಬಂದರೆ ಹೊತ್ತು ನಡೆಯಬೇಡಿ. ಎರಡು ಸಾಲಿನಲ್ಲಿ ಎದುರುಬದುರು ಕೂತು ಕೈಯಿಂದ ಕೈಗೆ ಸ್ಟ್ರೆಚರ್ ಸಾಗಿಸಿ. ಖಾಲಿಯಾದವರು ಎದ್ದು ಮುಂದಕ್ಕೆ ಹೋಗಿ ಕೂರುತ್ತಾರೆ. ಸ್ಟ್ರೆಚರ್ ಚಲಿಸುತ್ತದೆ, ಅದನ್ನು ಹಿಡಿದವರ ಕಾಲು ಮಾತ್ರ ಚಲಿಸುವುದಿಲ್ಲ.

ಹಗ್ಗದ ಮೇಲೆ

ಕಡಿದಾದ ಜಾಗದಲ್ಲಿ ಹಗ್ಗದಿಂದ ಇಳಿಸುವುದು, ಎತ್ತುವುದು ತರಬೇತಿ ಪಡೆದವರ ಕೆಲಸ; ಓದಿ ಮಾಡುವಂಥದ್ದಲ್ಲ. ಆದರೂ ಅಲ್ಲಿ ಕಟ್ಟುವಿಕೆ ಹೇಗೆ ಬದಲಾಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಮೊದಲನೆಯದಾಗಿ, ಗಾಯಾಳುವಿಗೆ ಸ್ಟ್ರೆಚರಿನ ಪಟ್ಟಿಗಳ ಹೊರತಾಗಿ ಪ್ರತ್ಯೇಕ ಹಾರ್ನೆಸ್ ಹಾಕಿ ಅದನ್ನು ಮುಖ್ಯ ಹಗ್ಗದ ಬಳೆಗೆ ನೇರವಾಗಿ ಜೋಡಿಸುತ್ತಾರೆ. ಸ್ಟ್ರೆಚರ್ ಮಗುಚಿದರೂ, ಅದರ ಕಂಬಿಯೇ ಮುರಿದರೂ ಅವರು ಬೀಳಬಾರದು. ಎರಡನೆಯದಾಗಿ, ಒಳಗಿನ ಪಟ್ಟಿಗಳ ಮೇಲೆ, ಕಂಬಳಿ ಟಾರ್ಪಾಲುಗಳೆಲ್ಲ ಸೇರುವಂತೆ ಹೊರಗಿನಿಂದ ಇನ್ನೊಂದು ಹಗ್ಗ ಅಂಕುಡೊಂಕಾಗಿ ಹಾಯುತ್ತದೆ.

ಸ್ಟ್ರೆಚರನ್ನು ಸಾಧ್ಯವಾದಷ್ಟೂ ಅಡ್ಡವಾಗಿಯೇ ತೂಗುಹಾಕುತ್ತಾರೆ. ನಾಲ್ಕು ಮೂಲೆಯಿಂದ ಬಂದ ಪಟ್ಟಿಗಳು ಮೇಲೊಂದು ಬಳೆಯಲ್ಲಿ ಸೇರುತ್ತವೆ. ಬಾವಿ, ಕಿರಿದಾದ ಗುಂಡಿಗಳಲ್ಲಿ ಮಾತ್ರ ನೆಟ್ಟಗೆ ಎತ್ತದೆ ವಿಧಿಯಿಲ್ಲ. ಅಲುಗಾಡದೆ ನೆಟ್ಟಗೆ ನೇತಾಡುವವರ ರಕ್ತ ಕಾಲಿನಲ್ಲಿ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ, ಪ್ರಜ್ಞೆ ತಪ್ಪಬಹುದು. ಆದ್ದರಿಂದ ಮೇಲಿನ ಎಲ್ಲ ತಯಾರಿ ಮುಗಿಯುವವರೆಗೂ ಕೆಳಗೆ ಮಲಗಿಸಿಯೇ ಇಟ್ಟು, ನೆಟ್ಟಗಿರುವ ಸಮಯವನ್ನು ಆದಷ್ಟು ಚಿಕ್ಕದಾಗಿಸುತ್ತಾರೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು ಸೇತುವೆ ಕೊಚ್ಚಿಹೋದಾಗ ಗಾಯಾಳುಗಳನ್ನು ಹಗ್ಗದ ನೆರವಿನಿಂದ ಹೊಳೆ ದಾಟಿಸಬೇಕಾಯಿತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು 190 ಅಡಿಯ ಬೈಲಿ ಸೇತುವೆ (ಬಿಡಿಭಾಗ ಜೋಡಿಸಿ ಬೇಗ ಕಟ್ಟುವ ಉಕ್ಕಿನ ಸೇತುವೆ) ಮುಗಿಸಿದ್ದು ಆಗಸ್ಟ್ 1ರಂದು. ಮೊದಮೊದಲು ಆ ಹೊಳೆಯ ಮೇಲೆ ಹಗ್ಗಗಳೇ ಸೇತುವೆ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು 17 ದಿನ ಸಿಲುಕಿದ್ದಾಗ ಸವಾಲು ಬೇರೆಯದೇ. ಮಣ್ಣಿನ ರಾಶಿಯಲ್ಲಿ ತೂರಿಸಿದ, ಒಂದು ಮೀಟರಿಗೂ ಕಡಿಮೆ ಅಗಲದ ಕೊಳವೆಯ ಮೂಲಕ ಅವರನ್ನು ಹೊರತರಬೇಕಿತ್ತು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ತಂಡ ಚಕ್ರದ ಸ್ಟ್ರೆಚರ್‌ಗಳನ್ನು ಹಗ್ಗದಿಂದ ಎಳೆಯುವ ಅಭ್ಯಾಸವನ್ನು ಮೊದಲೇ ಮಾಡಿತ್ತು. ಕೊಳವೆಯೊಳಗೆ ಎಳೆಯುವಾಗ ಮಧ್ಯದಲ್ಲಿ ಯಾರೂ ಕೈಚಾಚಿ ಮುಟ್ಟಲಾಗದು. ಕೈ ಹೊರಗೆ ಚಾಚಿಕೊಳ್ಳದಂತೆ, ತಲೆ ಮೇಲೇಳದಂತೆ, ಬಟ್ಟೆಯ ಒಂದು ತುದಿಯೂ ಚಕ್ರಕ್ಕೆ ಸಿಗದಂತೆ ಮಾಡುವುದೆಲ್ಲ ಒಳಗೆ ತಳ್ಳುವ ಮೊದಲೇ ಆಗಬೇಕು.

ಹೆಲಿಕಾಪ್ಟರ್ ಬಂದರೆ ಗಾಳಿಯೇ ಶತ್ರು. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಳಿ ಬಂಡೆಯಿಂದ ಜಾರಿ ಸಿಕ್ಕಿಬಿದ್ದ ಯುವಕನನ್ನು ಯಲಹಂಕದಿಂದ ಬಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಮೇಲೆತ್ತಿತು. ಅಂಥ ಕಡೆ ಸ್ಟ್ರೆಚರ್ ತೂಗಿದರೆ ರೆಕ್ಕೆಯ ಗಾಳಿಗೆ ಅದು ತಿರುಗತೊಡಗುತ್ತದೆ. ತಡೆಯಲು ಪಾದದ ತುದಿಗೆ ಕಟ್ಟಿದ ಒಂದು ಹಗ್ಗವನ್ನು ನೆಲದ ಮೇಲಿನವರು ಹಿಡಿದಿರುತ್ತಾರೆ. ಸಡಿಲವಾದ ಕಂಬಳಿ, ಟಾರ್ಪಾಲು ಹಾರಿ ರೆಕ್ಕೆಗೆ ಸಿಕ್ಕರೆ ಎಲ್ಲರಿಗೂ ಅಪಾಯ, ಹಾಗಾಗಿ ಪ್ರತಿ ತುದಿಯೂ ಒಳಗೆ ಮಡಚಿರಬೇಕು.

ಕೈ ಬದಲಾಗುವಾಗ

ಆಂಬುಲೆನ್ಸ್ ಸಿಕ್ಕ ಕೂಡಲೇ ಎಲ್ಲ ಪಟ್ಟಿ ಬಿಚ್ಚಿಬಿಡುವ ಆತುರ ಬೇಡ. ಆಂಬುಲೆನ್ಸ್ ಸಿಬ್ಬಂದಿ ಒಪ್ಪಿದರೆ ಸ್ಟ್ರೆಚರ್ ಸಮೇತ ಒಳಗಿಡುವುದೇ ಒಳ್ಳೆಯದು. ಒಂದು ಸಲ ಎತ್ತಿಳಿಸುವುದು ತಪ್ಪುತ್ತದೆ. ಬದಲಿಸಲೇಬೇಕಾದರೆ ಎರಡನ್ನೂ ಪಕ್ಕಪಕ್ಕ ಒಂದೇ ಎತ್ತರಕ್ಕೆ ತಂದು, ತಲೆಯನ್ನು ಕೈಯಲ್ಲಿ ಹಿಡಿದ ಮೇಲೆ ಹಣೆಯ ಟೇಪ್, ಆಮೇಲೆ ಮೈಯ ಪಟ್ಟಿಗಳು. ಸೊಂಟದ ಬೈಂಡರನ್ನು ಮುಟ್ಟಬೇಡಿ, ಅದು ಗಾಯಾಳುವಿನೊಂದಿಗೇ ಹೋಗಲಿ. ರಕ್ತ ನಿಲ್ಲಿಸಲು ಕೈಗೋ ಕಾಲಿಗೋ ಟೂರ್ನಿಕೆಟ್ (ರಕ್ತ ಹರಿಯದಂತೆ ಬಿಗಿಯುವ ಪಟ್ಟಿ) ಕಟ್ಟಿದ್ದರೆ ಕಟ್ಟಿದ ಸಮಯ ಹೇಳಿ. ಬೆರಳು ಅಲುಗಿಸುವುದು, ಸ್ಪರ್ಶ, ನಾಡಿಯ ಬಗ್ಗೆ ಬರೆದುಕೊಂಡ ಚೀಟಿಯನ್ನು ಕೈಗೇ ಕೊಡಿ. ಕಂಬಳಿಯೊಳಗೆ ಏನೇನು ಗಾಯಗಳಿವೆ, ಯಾವುದು ಹೊರಗೆ ಕಾಣುವುದಿಲ್ಲ, ದಾರಿಯಲ್ಲಿ ಎಷ್ಟು ಸಲ ವಾಂತಿಯಾಯಿತು ಎಂಬುದನ್ನೂ ಹೇಳಿ.

ಸ್ಟ್ರೆಚರ್ ಮರಳಿ ಬಂದ ದಿನವೇ ಪಟ್ಟಿಗಳನ್ನು ಬರಿ ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ. ನೈಲಾನ್ ಬಿಸಿಲಿಗೆ ಸವೆಯುತ್ತದೆ. ಅಂಚು ಎಳೆ ಬಿಟ್ಟ, ಬಣ್ಣ ಮಾಸಿ ಗಡುಸಾದ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ಇನ್ಯಾರೋ ಅದನ್ನೇ ತೆಗೆದು ಕಟ್ಟುತ್ತಾರೆ. ಬಕಲ್‌ಗಳ ಮಣ್ಣು ತೆಗೆದು, ಎಲ್ಲ ಪಟ್ಟಿಗಳನ್ನೂ ಪೂರ್ತಿ ಸಡಿಲಿಸಿ, ಪಾದದಿಂದ ಹೆಗಲಿನವರೆಗೆ ಕ್ರಮವಾಗಿ ಜೋಡಿಸಿ ಇಡಿ.